ಹಿಮಾಲಯದಲ್ಲಿ ಚೈತ್ರದ ಬಿಸಿಲು



ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಎನ್ನುತ್ತ ಓಡಿಹೋಗುತ್ತದೆ ಅಂತ ನಮ್ಮ ಕಡೆ ಒಂದು ಮಾತಿದೆ. ಅದಾದ ಮೇಲೆ ಯುಗಾದಿ, ಮಕ್ಕಳ ಪರೀಕ್ಷೆ, ಪರೀಕ್ಷೆ ಮುಗಿದದ್ದೇ ಬೇಸಿಗೆ ರಜೆ. ರಜೆ ಬಂದರೆ ಅಜ್ಜನ ಮನೆಗೆ ಹೋಗುತ್ತಿದ್ದ ಸಂಸಾರಗಳು ಈಗ ರೈಲೋ ವಿಮಾನವೋ ಹತ್ತಿ ಉತ್ತರಕ್ಕೆ ಹೊರಡುತ್ತವೆ. ಮನಾಲಿಗೆ, ಶ್ರೀನಗರಕ್ಕೆ, ಗ್ಯಾಂಗ್‌ಟಾಕ್‌ಗೆ, ಕೇದಾರ-ಬದರಿಗೆ. ಹೋದವರಿಗೆಲ್ಲ ಒಂದೇ ಆಸೆ, ಒಂದು ಸಲ ಹಿಮ ಮುಟ್ಟಬೇಕು. ಆಸೆಯಲ್ಲಿ ತಪ್ಪೇನಿಲ್ಲ. ನನಗೂ ಇತ್ತು, ಈಗಲೂ ಇದೆ. ಆದರೆ ನಮ್ಮ ಶಿವರಾತ್ರಿಯ ಮಾತನ್ನು ಹಿಮಾಲಯಕ್ಕೆ ಒಯ್ಯಬಾರದು. ಅಲ್ಲಿ ಚಳಿ ಹೊರಡಲು ಅಣಿಯಾದಾಗ ಬೇರೊಂದು ಬಗೆಯ ಅಪಾಯ ಎದ್ದು ಕೂರುತ್ತದೆ. ಮಾರ್ಚಿಯಿಂದ ಮೇ ತನಕದ ಆ ಅಪಾಯದ ಬಗ್ಗೆ, ಅಂದರೆ ವಸಂತಕಾಲದ ಹಿಮಕುಸಿತದ ಬಗ್ಗೆ, ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

2023ರ ಏಪ್ರಿಲ್ 4. ಸಿಕ್ಕಿಂನ ಗ್ಯಾಂಗ್‌ಟಾಕ್‌ನಿಂದ ನಾಥು ಲಾ ಕಡೆಗೆ ಏರುವ ಜವಾಹರಲಾಲ್ ನೆಹರು ಮಾರ್ಗದಲ್ಲಿ ಹದಿನೈದನೆಯ ಮೈಲಿ ಎಂದೇ ಕರೆಯುವ ಒಂದು ಜಾಗವಿದೆ. ಅದರಾಚೆ ಚಾಂಗು ಸರೋವರ, ಇನ್ನೂ ಮೇಲೆ ಹೋದರೆ 14,000 ಅಡಿ ಎತ್ತರದ ಗಡಿ. ಆ ದಿನ ಪ್ರವಾಸಿಗಳಿಗೆ ಹದಿಮೂರನೆಯ ಮೈಲಿಯವರೆಗೆ ಮಾತ್ರ ಪರವಾನಗಿ ಇತ್ತು, ಹಲವರು ಅದನ್ನು ಮೀರಿ ಮುಂದೆ ಹೋಗಿದ್ದರು ಎಂದು ಆಮೇಲೆ ವರದಿಯಾಯಿತು. ಜನ ಗಾಡಿಯಿಂದಿಳಿದು ಹಿಮದಲ್ಲಿ ಆಡುತ್ತಿದ್ದರು. ನಡುಹಗಲಿನ ಹೊತ್ತಿಗೆ ಮೇಲಿನ ಗುಡ್ಡದ ಹಿಮ ಜಾರಿ ಬಂತು. ಏಳು ಜನ ಸತ್ತರು. ಬದುಕುಳಿದ ಹಲವರನ್ನು ಸೇನೆಯವರು, ಗಡಿ ರಸ್ತೆ ಸಂಸ್ಥೆಯವರು, ಪೊಲೀಸರು, ಅಲ್ಲೇ ಇದ್ದ ಚಾಲಕರು ಕೂಡಿ ಅಗೆದು ತೆಗೆದರು.

ಏಪ್ರಿಲ್ ತಿಂಗಳು, ನಡುಹಗಲು. ಈ ಎರಡನ್ನು ನೆನಪಿಟ್ಟುಕೊಳ್ಳಿ. ಉಳಿದ ಮಾತೆಲ್ಲ ಇವುಗಳ ಸುತ್ತಲೇ ಬರುತ್ತದೆ.

ಹಿಮಾಲಯದ ಪಶ್ಚಿಮ ಮತ್ತು ನಡುವಿನ ಭಾಗಕ್ಕೆ ಹಿಮ ತರುವುದು ನಮ್ಮ ಮುಂಗಾರಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಒಂದಾದ ಮೇಲೊಂದು ಹವೆಯ ಸುಳಿಗಳು ಇರಾನ್, ಅಫ್ಘಾನಿಸ್ತಾನ ದಾಟಿ ಬರುತ್ತವೆ. ಹವಾಮಾನ ಇಲಾಖೆಯವರು ಇವನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಪ್ರತಿ ಸುಳಿಯೂ ಬೆಟ್ಟದ ಮೇಲೆ ಒಂದು ಪದರ ಹಿಮ ಹಾಸಿ ಹೋಗುತ್ತದೆ. ಎರಡು ಸುಳಿಗಳ ನಡುವೆ ಬಿಸಿಲು ಬೀಳಬಹುದು, ಗಾಳಿ ಬೀಸಬಹುದು, ಕೊರೆಯುವ ಇರುಳು ಬರಬಹುದು. ಹಾಗಾಗಿ ಒಂದೊಂದು ಪದರದ ಗುಣ ಒಂದೊಂದು ಥರ. ಒಂದು ಗಾಳಿಗೆ ಒತ್ತಿ ಗಟ್ಟಿಯಾಗಿರುತ್ತದೆ, ಇನ್ನೊಂದು ಬಿಸಿಲಿಗೆ ಕರಗಿ ರಾತ್ರಿ ಹೆಪ್ಪುಗಟ್ಟಿ ನುಣ್ಣನೆಯ ಹಲಗೆಯಂತಾಗಿರುತ್ತದೆ. ಹಿಮ ತೆಳುವಾಗಿ ಬಿದ್ದು ಚಳಿ ತೀವ್ರವಾಗಿದ್ದ ಕಡೆ, ಲಡಾಖ್ ಮತ್ತು ಕಾರಕೋರಂನಲ್ಲಿ ಇದು ಹೆಚ್ಚು, ನೆಲಕ್ಕೆ ಹತ್ತಿರದ ಹಿಮವೆಲ್ಲ ಒಂದಕ್ಕೊಂದು ಅಂಟದ ದಪ್ಪ ಹರಳುಗಳಾಗಿ ಬದಲಾಗುತ್ತದೆ. ಕೈಗೆತ್ತಿಕೊಂಡರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಅಂಥ ಸಡಿಲ ಹರಳಿನ ಮೇಲೆ ಗಟ್ಟಿ ಪದರ ಕೂತಿತೆಂದರೆ ಅದು ಯಾವತ್ತಾದರೂ ಜಾರಲು ಕಾದಿದೆ ಎಂದೇ ಲೆಕ್ಕ.

ಜಾರಲು ಇಳಿಜಾರೂ ಬೇಕಲ್ಲ. ತೀರಾ ಕಡಿದಾದ ಬಂಡೆಯ ಮೇಲೆ ಹಿಮ ನಿಲ್ಲುವುದೇ ಇಲ್ಲ, ಬಿದ್ದದ್ದು ಬಿದ್ದ ಹಾಗೆ ಉದುರುತ್ತದೆ. ಸಪಾಟು ಜಾಗದಲ್ಲಿ ನಿಂತದ್ದು ಕದಲುವುದಿಲ್ಲ. 30ರಿಂದ 45 ಡಿಗ್ರಿ ನಡುವಿನ ಇಳಿಜಾರಿನಲ್ಲಿ ಹಿಮ ನಿಲ್ಲುತ್ತದೆ, ರಾಶಿಯಾಗುತ್ತದೆ, ಒಂದು ದಿನ ಹೊರಡುತ್ತದೆ. ಗಮನಿಸಿ, ಮಕ್ಕಳನ್ನು ಕೂರಿಸಿ ಜಾರಿಸಲು ನಮಗೆ ಚೆನ್ನಾಗಿ ಕಾಣುವ ಇಳಿಜಾರು, ಸ್ಕೀ ಆಡುವವರು ಹುಡುಕಿಕೊಂಡು ಹೋಗುವ ಇಳಿಜಾರು, ಹೆಚ್ಚುಕಡಿಮೆ ಇದೇ.

ಇಷ್ಟು ಚಳಿಗಾಲದ ಮಾತಾಯಿತು. ಚಳಿಗಾಲದ ಒಣ ಹಿಮ ಕುಸಿದರೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಪುಡಿಯೆಬ್ಬಿಸಿಕೊಂಡು ಬರುತ್ತದೆ. ನೋಡಿದರೇ ಭಯವಾಗುತ್ತದೆ. ವಸಂತದ ಹಿಮದ ರೀತಿ ಬೇರೆ. ಅದರ ಕೆಲಸವೆಲ್ಲ ಒಳಗೊಳಗೇ ನಡೆಯುತ್ತದೆ.

ಮಾರ್ಚಿ ಕಳೆದಂತೆ ಸೂರ್ಯ ಮೇಲೇರುತ್ತಾನೆ, ಹಗಲು ಉದ್ದವಾಗುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ತಿರುಗಿ ಆಕಾಶಕ್ಕೇ ಕಳಿಸುತ್ತದೆ. ಆದ್ದರಿಂದಲೇ ಬಿಸಿಲಿನಲ್ಲೂ ಅದು ಕರಗದೆ ಉಳಿಯುತ್ತದೆ, ನಮ್ಮ ಮುಖ ಮಾತ್ರ ಸುಡುತ್ತದೆ. ಹಿಮ ಹಳತಾಗಿ ಒದ್ದೆಯಾದಂತೆ, ಅದರ ಮೇಲೆ ದೂಳು ಮಸಿ ಕೂತಂತೆ, ಈ ಗುಣ ಕುಗ್ಗಿ ಬಿಸಿಲನ್ನು ಹೀರತೊಡಗುತ್ತದೆ. ಗಢವಾಲದ ಪೈನ್ ಕಾಡುಗಳಿಗೆ ಏಪ್ರಿಲ್-ಮೇನಲ್ಲಿ ಬೆಂಕಿ ಬಿದ್ದಾಗ ಹಾರುವ ಮಸಿಯಲ್ಲಿ ಒಂದಷ್ಟು ಹಿಮದ ಮೇಲೂ ಹೋಗಿ ಕೂರುತ್ತದೆ. ಮೇಲ್ಪದರ ಕರಗಿದ ನೀರು ಕೆಳಗಿಳಿಯುತ್ತದೆ. ದಾರಿಯಲ್ಲಿ ಸಿಕ್ಕ ತಣ್ಣನೆಯ ಪದರದಲ್ಲಿ ಅದು ಮತ್ತೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ತನ್ನೊಳಗಿನ ಶಾಖವನ್ನು ಆ ಪದರಕ್ಕೆ ಕೊಡುತ್ತದೆ. ಹೀಗೆ ದಿನ ದಿನವೂ ನಡೆದು ಮೇಲಿನಿಂದ ನೆಲದವರೆಗೆ ಇಡೀ ಹಿಮ ಸೊನ್ನೆ ಡಿಗ್ರಿಗೆ ಬಂದು ನಿಲ್ಲುತ್ತದೆ. ಇನ್ನು ಮೇಲೆ ಬರುವ ನೀರಿಗೆ ಹೆಪ್ಪುಗಟ್ಟಲು ಎಡೆಯಿಲ್ಲ. ಅದು ಕಣದಿಂದ ಕಣಕ್ಕೆ ಹರಿದು ಅವುಗಳ ಬೆಸುಗೆಯನ್ನು ಕಳಚುತ್ತದೆ. ನಡುವೆ ಎಲ್ಲೋ ನೀರಿಳಿಯದ ಗಟ್ಟಿ ಹಲಗೆ ಸಿಕ್ಕರೆ ಅದರ ಮೇಲೆ ನೀರು ನಿಂತು ಮೇಲಿನ ಪದರವೇ ತೇಲಿದಂತಾಗುತ್ತದೆ.

ಮಲೆನಾಡಿನ ಹಳೆಯ ಮಣ್ಣಿನ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಡಿಮಳೆ ಸುರಿಯುವಾಗ ಗೋಡೆ ನಿಂತೇ ಇರುತ್ತದೆ. ಮಳೆ ಹೊಳವಾಗಿ ಬಿಸಿಲು ಬಿದ್ದು, ಇನ್ನು ಪರವಾಗಿಲ್ಲ ಅಂತ ಮನೆಮಂದಿ ಜಗಲಿಯಲ್ಲಿ ಕೂತ ಹೊತ್ತಿಗೆ ದೊಪ್ಪನೆ ಕುಸಿಯುತ್ತದೆ. ಹಿಮದಲ್ಲೂ ಬಿದ್ದು ನಿಂತ ಮೇಲಿನ ಮೊದಲ ಬಿಸಿಲಿನ ದಿನವೇ ಹೆಚ್ಚು ಕೆಟ್ಟದ್ದು. ಮಾರ್ಚಿ-ಏಪ್ರಿಲ್‌ನ ಸುಳಿಯೊಂದು ಒಂದೂವರೆ ಎರಡು ಅಡಿ ಹೊಸ ಹಿಮ ಸುರಿದು ಹೋಗುತ್ತದೆ, ಮರುದಿನ ಆಕಾಶ ತೊಳೆದಿಟ್ಟ ಹಾಗೆ ನೀಲಿ. ದಾರಿ ಬಿಡುವುದನ್ನೇ ಹೋಟೆಲಿನಲ್ಲಿ ಕಾಯುತ್ತ ಕೂತಿದ್ದ ಪ್ರವಾಸಿಗಳೆಲ್ಲ ಒಟ್ಟಿಗೆ ಹೊರಡುವುದೂ ಆ ದಿನವೇ.

ಒದ್ದೆ ಹಿಮ ಒಣ ಹಿಮದಷ್ಟು ವೇಗವಾಗಿ ಬರುವುದಿಲ್ಲ. ಹಾಗಂತ ಓಡಿ ತಪ್ಪಿಸಿಕೊಳ್ಳಬಹುದು ಎಂದುಕೊಳ್ಳಬೇಡಿ, ಹಿಮದಲ್ಲಿ ನಮ್ಮ ಕಾಲು ಮೊಣಕಾಲುದ್ದ ಹೂತಿರುತ್ತದೆ. ಅದರ ಕ್ರೌರ್ಯ ಇರುವುದು ತೂಕದಲ್ಲಿ. ಆಗ ತಾನೆ ಬಿದ್ದ ಪುಡಿಹಿಮ ಒಂದು ಘನ ಮೀಟರಿಗೆ 100 ಕಿಲೋ ಆಸುಪಾಸು ತೂಗಿದರೆ, ವಸಂತದ ಒದ್ದೆ ಹಿಮ 400 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದು ಮೀಟರ್ ದಪ್ಪದ ತುಂಡು ಕಿತ್ತು ಬಂದರೂ ಅದು 40 ಟನ್. ಬೆಟ್ಟದ ಮೇಲೆ ನಿಂತು ನೋಡುವವರಿಗೆ ಅಂಥದ್ದು ತೀರ ಸಣ್ಣ ಕುಸಿತ. ದಾರಿಯಲ್ಲಿ ಸಿಕ್ಕ ಕಲ್ಲು, ಮಣ್ಣು, ಮರ ಎಲ್ಲವನ್ನೂ ಎಳೆದುಕೊಂಡು ಬಂದು ಅದು ನಿಂತ ಕೂಡಲೇ ಗಾರೆಗಟ್ಟುತ್ತದೆ. ಒಳಗೆ ಸಿಕ್ಕವರಿಗೆ ಬೆರಳಾಡಿಸಲೂ ಆಗುವುದಿಲ್ಲ.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ವಸಂತದಲ್ಲಿ ಆಕಾಶ ತಿಳಿಯಾಗಿದ್ದ ಇರುಳು ಹಿಮದ ಶಾಖವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಬೆಳಗಿನ ಜಾವಕ್ಕೆ ಮೇಲ್ಪದರ ಹೆಪ್ಪುಗಟ್ಟಿ, ಮೇಲೆ ನಡೆದರೆ ಬೂಟಿನ ಗುರುತೂ ಮೂಡದಷ್ಟು ಗಡುಸಾಗಿರುತ್ತದೆ. ಅನುಭವಸ್ಥ ಪರ್ವತಾರೋಹಿಗಳು ರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು ಹೊರಡುವುದು ಈ ಗಟ್ಟಿ ಹಿಮಕ್ಕಾಗಿ. ಸೂರ್ಯ ಹುಟ್ಟಿದ ಮೇಲೆ ಮೊದಲು ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಸಡಿಲವಾಗುತ್ತದೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನ ಕಳೆದ ಮೇಲೆ ಪಶ್ಚಿಮದ್ದು. ಉತ್ತರದ ಇಳಿಜಾರು ನೆರಳಿನಲ್ಲಿ ತಣ್ಣಗಿದ್ದು ವಾರಗಟ್ಟಲೆ ತಡವಾಗಿ ಸರದಿಗೆ ಬರುತ್ತದೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ದಾಟಿದ ಅದೇ ಕೊರಕಲು ಹನ್ನೊಂದಕ್ಕೆ ಮತ್ತೊಂದು ಕೊರಕಲಾಗಿರುತ್ತದೆ. ಇನ್ನು ರಾತ್ರಿ ಮೋಡ ಕವಿದಿದ್ದರೆ? ಮೋಡ ಶಾಖವನ್ನು ಬಿಟ್ಟುಕೊಡುವುದಿಲ್ಲ, ಹಿಮ ಹೆಪ್ಪುಗಟ್ಟುವುದಿಲ್ಲ, ಬೆಳಗಿನ ಜಾವದ ಆ ಗಟ್ಟಿ ಹೊತ್ತೂ ಸಿಗುವುದಿಲ್ಲ. ಅಂಥ ದಿನ ಅನುಭವಸ್ಥರು ಹೊರಡುವುದೇ ಇಲ್ಲ. ರಾತ್ರಿ ಸೆಕೆಯಾಯಿತು, ಹೊದಿಕೆಯೇ ಬೇಡವಾಯಿತು ಅಂತ ನಾವು ಖುಷಿಪಟ್ಟರೆ ಅವರು ಹಣೆ ಚಚ್ಚಿಕೊಳ್ಳುತ್ತಾರೆ. ಹಿಮದ ಮೇಲೆ ಮಳೆ ಬಿತ್ತೆಂದರಂತೂ ಮುಗಿಯಿತು.

ಅಟಲ್ ಸುರಂಗ ದಾಟಿದ ಮೇಲೆ ಸಿಗುವ ಲಾಹೌಲ್ ಕಡೆಯ ಒಂದು ಹಿಮದ ಬಯಲಿನಲ್ಲಿ ನಾನು ಕೇಳಿಸಿಕೊಂಡ ಮಾತೊಂದಿದೆ. ಧಾರವಾಡದ ಕಡೆಯ ದೊಡ್ಡ ಸಂಸಾರ, ಬಾಡಿಗೆ ಗಂಬೂಟು, ಬಾಡಿಗೆ ಕೋಟು ತೊಟ್ಟು ಸಡಗರದಲ್ಲಿತ್ತು. ಚಾಲಕ ಅಲ್ಲಿಯವನೇ, ಲಾಹೌಲಿ. ಹನ್ನೊಂದು ಗಂಟೆಗೆಲ್ಲ ಗಾಡಿ ಹತ್ತಿ ಅಂತ ಅವಸರ ಮಾಡತೊಡಗಿದ. ಹಿರಿಯರೊಬ್ಬರು ಮಗನ ಕಡೆ ತಿರುಗಿ, "ಅಲ್ಲೋ ತಮ್ಮಾ, ಮುಗಿಲು ತಿಳಿ ಐತಿ, ಬಿಸಲು ಚಲೋ ಬಿದ್ದೈತಿ, ಈಗ ಯಾಕ ಇಳೀಬೇಕಂತ ಅಂವಗ?" ಅಂದರು. ಮಗ ಅದನ್ನು ಹಿಂದಿಯಲ್ಲಿ ದಾಟಿಸಿದ. ಚಾಲಕ ಕೈಯೆತ್ತಿ ಮೇಲಿನ ಗುಡ್ಡ ತೋರಿಸಿ, "ಬಿಸಿಲು ಬಿದ್ದಿದೆ ಬಾಬೂಜೀ, ಅದಕ್ಕೇ" ಅಂದ. ಗುಡ್ಡದ ಹಿಮದಲ್ಲಿ ಸಣ್ಣ ಸಣ್ಣ ಉಂಡೆಗಳು ತಾವಾಗಿ ಕಿತ್ತು, ಉರುಳುರುಳುತ್ತ ದೊಡ್ಡದಾಗಿ, ಹಿಂದೆ ಗೆರೆ ಬಿಡುತ್ತ ಇಳಿಯುತ್ತಿದ್ದವು. ಹುಡುಗರು ಅದರ ವಿಡಿಯೊ ಮಾಡುತ್ತಿದ್ದರು. ಮೇಲ್ಪದರ ಬೆಸುಗೆ ಬಿಟ್ಟಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಗುರುತು ಇಲ್ಲ.

ಲಾಹೌಲಿಗಳ ಈ ಎಚ್ಚರ ಪುಸ್ತಕದಿಂದ ಬಂದದ್ದಲ್ಲ. 1979ರ ಮಾರ್ಚಿಯಲ್ಲಿ ಆ ಕಣಿವೆಯಲ್ಲಿ ಸಾಲುಸಾಲು ಹಿಮಕುಸಿತಗಳಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಯಾವ ಕೊರಕಲಿನಿಂದ ಹಿಮ ಬರುತ್ತದೆ, ಎಲ್ಲಿಯ ತನಕ ಬರುತ್ತದೆ, ಎಲ್ಲಿ ಮನೆ ಕಟ್ಟಬಾರದು ಎಂಬುದು ಅಲ್ಲಿಯ ಹಿರಿಯರಿಗೆ ಗೊತ್ತು. ಹೊರಗಿನವರಿಗೂ ಒಂದು ಗುರುತು ಕಾಣಿಸುತ್ತದೆ, ಕಣ್ಣಿಟ್ಟು ನೋಡಿದರೆ. ಕಾಡು ಹಬ್ಬಿದ ಬೆಟ್ಟದಲ್ಲಿ ಮೇಲಿನಿಂದ ಕೆಳಗಿನವರೆಗೆ ಮರವೇ ಇಲ್ಲದ ಒಂದು ಪಟ್ಟಿ ಇದ್ದರೆ ಅದು ವರ್ಷವರ್ಷವೂ ಹಿಮ ಇಳಿಯುವ ದಾರಿ. ಅದರ ಅಂಚಿನಲ್ಲಿ ಭೂರ್ಜದ ಗಿಡಗಳಿದ್ದರೆ ಅವು ಬುಡದಲ್ಲೇ ಕೆಳಮುಖವಾಗಿ ಬಾಗಿ ಆಮೇಲೆ ಮೇಲೆದ್ದಿರುತ್ತವೆ. ನಮ್ಮ ಹಳೆಯ ಸಂಸ್ಕೃತ ಹಸ್ತಪ್ರತಿಗಳಿಗೆ ತೊಗಟೆ ಕೊಟ್ಟ ಅದೇ ಭೂರ್ಜ. ಬಾಗಬಲ್ಲದ್ದರಿಂದ ಅದು ಉಳಿಯುತ್ತದೆ, ದೇವದಾರು ಮುರಿದುಹೋಗುತ್ತದೆ. ನಮ್ಮವರು ಊಟದ ಬುತ್ತಿ ಬಿಚ್ಚಲು ಹುಡುಕುವುದೂ ಮರಗಿಡವಿಲ್ಲದ, ನೋಟ ತೆರೆದ ಅಂಥ ಪಟ್ಟಿಯ ಬುಡವನ್ನೇ.

ಪ್ರವಾಸಿಗಳ ವಿಷಯ ಸಾಕು. ನಿಜವಾಗಿ ಈ ಹಿಮದ ಕೆಳಗೆ ದಿನವಿಡೀ ನಿಲ್ಲುವವರು ಬೇರೆಯವರು. ರೋಹತಾಂಗ್‌ನಲ್ಲಿ, ಜೋಜಿಲಾದಲ್ಲಿ ರಸ್ತೆಯ ಎರಡೂ ಕಡೆ ಹತ್ತು ಇಪ್ಪತ್ತು ಅಡಿ ಎತ್ತರಕ್ಕೆ ಹಿಮದ ಗೋಡೆ ಎದ್ದಿರುವ ಚಿತ್ರಗಳನ್ನು ನೀವು ನೋಡಿರುತ್ತೀರಿ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡೂ ಇರಬಹುದು. ಪ್ರತಿ ವಸಂತದಲ್ಲಿ ಗಡಿ ರಸ್ತೆ ಸಂಸ್ಥೆಯ ಯಂತ್ರಗಳೂ ಕೂಲಿಕಾರರೂ ಹಿಮ ಕಡಿದು ದಾರಿ ಮಾಡುವುದರಿಂದ ಆ ಗೋಡೆ ಹುಟ್ಟುತ್ತದೆ. ಬಿಹಾರದಿಂದ, ಉತ್ತರ ಪ್ರದೇಶದಿಂದ, ಜಾರ್ಖಂಡ್‌ನಿಂದ, ನೇಪಾಳದಿಂದ ಬಂದವರು. ಹಿಮ ಸಡಿಲವಾಗುವ ತಿಂಗಳೇ ಅವರ ದುಡಿಮೆಯ ತಿಂಗಳು. ಬೇರೆ ತಿಂಗಳು ಅವರಿಗೆ ಆ ಕೆಲಸ ಇಲ್ಲ.

2021ರ ಏಪ್ರಿಲ್ 23ರಂದು ಉತ್ತರಾಖಂಡದ ನೀತಿ ಕಣಿವೆಯ ಸುಮ್ನಾ ಎಂಬಲ್ಲಿ ಇಂಥ ರಸ್ತೆ ಕೆಲಸದವರ ಶಿಬಿರದ ಮೇಲೆ ಹಿಮ ಬಿತ್ತು. ಸೇನೆಯವರು ನೂರಾರು ಮಂದಿಯನ್ನು ಉಳಿಸಿದರು, ಹತ್ತಕ್ಕೂ ಹೆಚ್ಚು ಜನ ಹೋದರು. ನಮ್ಮ ಗಮನವೆಲ್ಲ ಬೇರೆ ಕಡೆ ಇತ್ತು, ಕೋವಿಡ್‌ನ ಎರಡನೆಯ ಅಲೆಯ ದಿನಗಳು ಅವು. 2025ರ ಫೆಬ್ರವರಿ 28ರಂದು, ಶಿವರಾತ್ರಿ ಕಳೆದ ಎರಡನೆಯ ದಿನ, ಬದರಿನಾಥದ ಆಚೆಯ ಮಾಣಾ ಹಳ್ಳಿಯ ಬಳಿ ಬೆಳ್ಳಂಬೆಳಗ್ಗೆ ಮತ್ತೊಂದು. ರಸ್ತೆಯಿಂದ ಹಿಮ ತೆಗೆಯುವ 54 ಕೆಲಸಗಾರರು ಉಕ್ಕಿನ ಕಂಟೇನರುಗಳಲ್ಲಿ ಮಲಗಿದ್ದರು. 46 ಜನ ಬದುಕಿದರು, 8 ಜನ ಸತ್ತರು. ಕಂಟೇನರು ನಜ್ಜುಗುಜ್ಜಾದರೂ ಒಳಗೆ ಉಸಿರಾಡಲು ಎಡೆ ಉಳಿದದ್ದರಿಂದಲೇ ಅಷ್ಟು ಜನ ಉಳಿದರು ಅಂತ ಆಗ ಹೇಳಲಾಯಿತು.

ಮಾಣಾದ ವಿಷಯದಲ್ಲಿ ನನ್ನನ್ನು ಕಾಡುವುದು ಮುನ್ನೆಚ್ಚರಿಕೆ. ಚಂಡೀಗಢದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸೇರಿದ ಒಂದು ಕೇಂದ್ರವಿದೆ, ಚಿಕ್ಕದಾಗಿ ಡಿಜಿಆರ್‌ಇ ಎನ್ನುತ್ತಾರೆ. 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನಕ್ಕೆಂದು ಶುರುವಾದ ಸಾಸೆ ಎಂಬ ಸಂಸ್ಥೆಯೇ 2020ರಲ್ಲಿ ಇನ್ನೊಂದು ಪ್ರಯೋಗಾಲಯದ ಜೊತೆ ಕೂಡಿ ಈ ರೂಪಕ್ಕೆ ಬಂದಿದೆ. ಬೆಟ್ಟದ ಮೇಲೆ ಹಿಮದ ಆಳ ಅಳೆಯುವ ಕೋಲುಗಳಿಂದ ಹಿಡಿದು ತಾವಾಗಿ ಮಾಹಿತಿ ಕಳಿಸುವ ಹವಾಮಾನ ಕೇಂದ್ರಗಳು, ಉಪಗ್ರಹ ಚಿತ್ರಗಳು, ಎಲ್ಲವನ್ನೂ ಇಟ್ಟುಕೊಂಡು ಅವರು ಜಿಲ್ಲೆವಾರು ಎಚ್ಚರಿಕೆ ಕೊಡುತ್ತಾರೆ. ಮಾಣಾದ ಕುಸಿತದ ಹಿಂದಿನ ಸಂಜೆ ಐದು ಗಂಟೆಗೇ ಚಮೋಲಿ ಸೇರಿದಂತೆ ಉತ್ತರಾಖಂಡದ ಜಿಲ್ಲೆಗಳಿಗೆ, 2,400 ಮೀಟರಿಗಿಂತ ಎತ್ತರದ ಜಾಗಗಳಿಗೆ, 24 ಗಂಟೆಗಳ ಎಚ್ಚರಿಕೆ ಹೊರಟಿತ್ತು. ಮಾಣಾ ಇರುವುದು 3,200 ಮೀಟರ್ ಆಸುಪಾಸಿನಲ್ಲಿ. ಲೆಕ್ಕ ಸರಿಯಾಗಿತ್ತು, ಸೂಚನೆ ಸಕಾಲಕ್ಕೆ ಬಂದಿತ್ತು, ಜನ ಅಲ್ಲೇ ಮಲಗಿದ್ದರು. ಶಾಸ್ತ್ರಜ್ಞರ ಕೋಣೆಯಿಂದ ಕಂಟೇನರಿನ ಬಾಗಿಲ ತನಕದ ಆ ಕೊನೆಯ ಹರದಾರಿಯನ್ನು ನಾವು ಇನ್ನೂ ಕಟ್ಟಿಲ್ಲ ಎಂದೇ ನನ್ನ ಅನಿಸಿಕೆ. ಇದಕ್ಕೆ ಉಪಗ್ರಹ ಬೇಕಿಲ್ಲ. ಅಲ್ಲಿ ಒಬ್ಬ ಮೇಸ್ತ್ರಿಗೆ, ಇವತ್ತು ರಾತ್ರಿ ಎಲ್ಲರೂ ಕೆಳಗಿಳಿಯಿರಿ ಎನ್ನುವ ಅಧಿಕಾರ ಬೇಕು, ಇಳಿದ ದಿನದ ಕೂಲಿ ಕಡಿತವಾಗದು ಎಂಬ ಭರವಸೆ ಬೇಕು.

ಇನ್ನು ಯಾತ್ರಿಕರ ಮಾತು. ಕೇದಾರನಾಥಕ್ಕೂ ನಮ್ಮ ನಾಡಿಗೂ ಹಳೆಯ ನಂಟು. ಅಲ್ಲಿಯ ಮುಖ್ಯ ಗುರುಗಳಾದ ರಾವಲರು ಪರಂಪರೆಯಂತೆ ಕರ್ನಾಟಕ ಮೂಲದ ವೀರಶೈವ ಸಮುದಾಯದವರು. ಬಾಗಿಲು ತೆರೆಯುವ ದಿನವನ್ನು ಊಖೀಮಠದಲ್ಲಿ ಶಿವರಾತ್ರಿಯಂದು ಪಂಚಾಂಗ ನೋಡಿ ಗೊತ್ತುಮಾಡುತ್ತಾರೆ. 2023ರಲ್ಲಿ ಅದು ಏಪ್ರಿಲ್ 25, 2024ರಲ್ಲಿ ಮೇ 10, 2025ರಲ್ಲಿ ಮೇ 2. ಹಿಮಕ್ಕೆ ಪಂಚಾಂಗವಿಲ್ಲ. ಗೌರೀಕುಂಡದಿಂದ ದೇಗುಲಕ್ಕೆ ಏರುವ ಸುಮಾರು 16 ಕಿಲೋಮೀಟರ್ ಕಾಲುದಾರಿ ಭೈರವ ಗದೇರಾ, ಕುಬೇರ ಗದೇರಾ ಮುಂತಾದ ಕೊರಕಲುಗಳನ್ನು ಅಡ್ಡ ದಾಟುತ್ತದೆ. ಗದೇರಾ ಎಂದರೆ ಅಲ್ಲಿಯವರ ಮಾತಿನಲ್ಲಿ ಬೆಟ್ಟದಿಂದ ಇಳಿಯುವ ಹಳ್ಳ. ಚಳಿಗಾಲವಿಡೀ ಮೇಲಿನ ಹಿಮವೆಲ್ಲ ಜಾರಿ ಈ ಹಳ್ಳಗಳಲ್ಲಿ ತುಂಬಿಕೊಂಡಿರುತ್ತದೆ. ಯಾತ್ರೆಗೆ ಮೊದಲು ಕೆಲಸಗಾರರು ಅದನ್ನು ಕಡಿದು ಓಣಿ ಮಾಡುತ್ತಾರೆ, ನಾವು ಆ ಓಣಿಯಲ್ಲಿ ನಡೆಯುತ್ತೇವೆ. 2023ರಲ್ಲಿ ಬಾಗಿಲು ಬೇಗ ತೆರೆಯಿತು, ಹಿಮ ಬೀಳುವುದು ನಿಂತಿರಲಿಲ್ಲ. ಮೇ ಆರಂಭದಲ್ಲಿ ಕೊರಕಲಿನ ಹಿಮ ಮತ್ತೆ ಜಾರಿ ದಾರಿ ಮುಚ್ಚಿತು, ಯಾತ್ರೆಯನ್ನು ತಡೆಹಿಡಿಯಬೇಕಾಯಿತು. ಅಂಥ ಹೊತ್ತಿನಲ್ಲಿ ಗೌರೀಕುಂಡಕ್ಕೂ ಮೊದಲು ಸಿಗುವ ಸೋನ್‌ಪ್ರಯಾಗದಲ್ಲಿ ತಡೆದು ನಿಲ್ಲಿಸಿದರೆಂದು ಪೊಲೀಸರ ಜೊತೆ ಜಗಳಕ್ಕೆ ನಿಲ್ಲುವ ಯಾತ್ರಿಕರಲ್ಲಿ ನಮ್ಮವರೂ ಇರುತ್ತಾರೆ. ವಾಪಸ್ ರೈಲಿನ ಟಿಕೆಟ್ ಆಗಿರುತ್ತದೆ, ಅವರ ಸಂಕಟವೂ ಸುಳ್ಳಲ್ಲ. ಆದರೆ ಟಿಕೆಟ್ ಮಾಡಿಸುವಾಗಲೇ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದರೆ ಆ ಜಗಳವೇ ಹುಟ್ಟುವುದಿಲ್ಲ. ಕೊರಕಲಿಗೆ ಬಂದಾಗ ನಿಂತು ದಣಿವಾರಿಸಿಕೊಳ್ಳಬೇಡಿ, ದಾಟಿ ಆಚೆ ಹೋಗಿ ಕೂರಿ. ಡೋಲಿಯವರು, ಕುದುರೆಯವರು ಅಲ್ಲಿ ಯಾಕೆ ಹೆಜ್ಜೆ ಚುರುಕು ಮಾಡುತ್ತಾರೆಂದು ಒಮ್ಮೆ ಗಮನಿಸಿ.

ಮೇ ಕಳೆದು ಜೂನ್ ಬಂದರೆ ಹಿಮ ಕರಗಿ ಹೆಪ್ಪುಗಟ್ಟಿ, ಕರಗಿ ಹೆಪ್ಪುಗಟ್ಟಿ ಹರಳುಹರಳಾಗಿ ನೀರು ಬಸಿದುಕೊಂಡು ಒಂದು ಹದಕ್ಕೆ ಬರುತ್ತದೆ. ಹಿಮಕುಸಿತ ಆಗ ಕಡಿಮೆ. ಹಿಮದ ಸೇತುವೆಗಳ ಕಾಟ ಶುರುವಾಗುತ್ತದೆ: ಮೇಲೆ ಗಟ್ಟಿಯಾಗಿ ಕಾಣುವ ಹಿಮ, ಕೆಳಗೆ ಅದನ್ನು ಕೊರೆದು ಹರಿಯುವ ಹಳ್ಳ. ಹವೆಯಂತೂ ಯಾವ ತಿಂಗಳೂ ಮಾತು ಕೊಡುವುದಿಲ್ಲ. 2024ರ ಜೂನ್ ಮೊದಲ ವಾರ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ಹಿಂತಿರುಗಲಿಲ್ಲ. ಅವರನ್ನು ಕೊಂದದ್ದು ಹಿಮಕುಸಿತವಲ್ಲ, ಹಠಾತ್ತನೆ ಎರಗಿದ ಹಿಮಗಾಳಿ.

ಇಲ್ಲಿ ಒಂದು ಹೆಸರು ನಿಮ್ಮ ಮನಸ್ಸಿಗೆ ಬಂದಿರಬಹುದು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆಯೇ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರನ್ನು ಹೂತಿತು. ಅವರಲ್ಲಿ ಮೂವರು ಕನ್ನಡಿಗರು. ಆರನೆಯ ದಿನ ಹನುಮಂತಪ್ಪ ಜೀವಂತ ಸಿಕ್ಕರು. ಇಡೀ ದೇಶ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅದು ನಡುಚಳಿಗಾಲದ, ಕಾರಕೋರಂನ ಕಥೆ. ಇವತ್ತಿನ ವಿಷಯಕ್ಕೆ ನೇರ ಸೇರುವುದಿಲ್ಲ. ಆದರೂ ಒಂದು ಕಾರಣಕ್ಕೆ ಅದನ್ನು ಎತ್ತಿದೆ. ಅವರು ಆರು ದಿನ ಉಳಿದಿದ್ದನ್ನು ಕೇಳಿದ ನಮ್ಮಲ್ಲಿ ಅನೇಕರಿಗೆ ಹಿಮದಡಿ ಸಿಕ್ಕವರು ದಿನಗಟ್ಟಲೆ ಬದುಕಿರುತ್ತಾರೆ, ರಕ್ಷಣಾ ಪಡೆ ಬಂದು ತೆಗೆಯುತ್ತದೆ ಎಂಬ ನಂಬಿಕೆ ಕೂತಿದೆ. ಗುಡಾರದೊಳಗೆ ಉಳಿದಿದ್ದ ಗಾಳಿ ಅವರನ್ನು ಕಾಯ್ದಿತ್ತು. ಅಂಥ ಎಡೆ ಸಿಗುವುದು ಸಾವಿರಕ್ಕೊಬ್ಬರಿಗೆ.

ಆಲ್ಪ್ಸ್ ಪರ್ವತಗಳಲ್ಲಿ ದಶಕಗಳಿಂದ ಕೂಡಿಸಿಟ್ಟ ಲೆಕ್ಕ ಹೇಳುವುದು ಇದು: ಪೂರ್ತಿ ಹೂತುಹೋದವರನ್ನು ಮೊದಲ ಕಾಲು ಗಂಟೆಯೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ಮೀರಿದರೆ ಹತ್ತರಲ್ಲಿ ಮೂವರು. ಬಹಳ ಮಂದಿ ಸಾಯುವುದು ಚಳಿಯಿಂದಲ್ಲ, ಉಸಿರು ಕಟ್ಟಿ. ಒದ್ದೆ ಹಿಮದಲ್ಲಿ ಈ ಅವಧಿ ಇನ್ನೂ ಮೊಟಕು. ಯಾವ ಪಡೆಯೂ ಕಾಲು ಗಂಟೆಯಲ್ಲಿ ಬೆಟ್ಟ ಹತ್ತಿ ಬರಲಾರದು. ಆದ್ದರಿಂದ ತೆಗೆಯಬೇಕಾದವರು ಜೊತೆಯಲ್ಲಿದ್ದವರೇ. ಜೊತೆಗಾರ ಕೊನೆಗೆ ಕಂಡದ್ದು ಎಲ್ಲಿ ಎಂಬುದನ್ನು ಕಣ್ಣಿನಲ್ಲಿ ಇಟ್ಟುಕೊಂಡು, ಅದರ ಕೆಳಗಿನ ಜಾಡಿನಲ್ಲಿ ಕೈಗವಸು, ಟೊಪ್ಪಿ, ಕೋಲು ಏನಾದರೂ ಕಾಣುತ್ತದೆಯೇ ನೋಡಿ, ಅಲ್ಲಿಂದ ಹುಡುಕಬೇಕು. ಹಿಮದಲ್ಲಿ ಚಾರಣ ಮಾಡುವ, ಸ್ಕೀ ಆಡುವ ತಂಡಗಳಲ್ಲಿ ಪ್ರತಿಯೊಬ್ಬರ ಮೈಮೇಲೆ ಸಂಕೇತ ಕಳಿಸುವ ಪುಟ್ಟ ಟ್ರಾನ್ಸೀವರ್ ಇರಬೇಕು, ಚೀಲದಲ್ಲಿ ಮಡಚುವ ಉದ್ದ ಸಲಾಕೆ ಮತ್ತು ಸಲಿಕೆ ಇರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಅರ್ಧ ಕೆಲಸದವು. ಈ ಗಟ್ಟಿ ಹಿಮವನ್ನು ಬರಿಗೈಯಲ್ಲಿ ಅಗೆಯಲು ಆಗುವುದಿಲ್ಲ. ದುಡ್ಡು ಕೊಟ್ಟು ಏಪ್ರಿಲ್ ಚಾರಣಕ್ಕೆ ಹೆಸರು ಬರೆಸುವವರು, ಇವು ನಿಮ್ಮಲ್ಲಿ ಉಂಟೇ ಅಂತ ಕೇಳಿ. ಇಲ್ಲ ಅಂದರೆ, ದಾರಿಯಲ್ಲಿ ಹಿಮದ ಇಳಿಜಾರು ಎಷ್ಟಿದೆ ಅಂತ ಕೇಳಿ. ಎರಡಕ್ಕೂ ಉತ್ತರ ಬರದಿದ್ದರೆ ದುಡ್ಡು ಉಳಿಸಿ.

ಜೋರಾಗಿ ಕೂಗಿದರೆ ಹಿಮ ಕುಸಿಯುತ್ತದೆ ಎಂಬುದು ಸಿನಿಮಾದ ಮಾತು, ಮನುಷ್ಯನ ಕೂಗಿಗೆ ಅಷ್ಟು ಕಸುವಿಲ್ಲ. ಮನುಷ್ಯನ ತೂಕಕ್ಕೆ ಇದೆ. ಕಾಲಿಟ್ಟಾಗ ಹಿಮದೊಳಗಿಂದ ಗುಮ್ಮೆಂದು ಪೊಳ್ಳು ಸದ್ದು ಬಂದರೆ, ಕಾಲಿನಿಂದ ಬಿರುಕು ಹರಿದುಹೋದರೆ, ಬೆಳಿಗ್ಗೆ ಗಟ್ಟಿಯಿದ್ದ ಹಿಮದಲ್ಲಿ ಪಾದ ಮುಳುಗತೊಡಗಿದರೆ, ಬಂಡೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿದರೆ, ಬಂದ ದಾರಿ ಹಿಡಿಯುವ ಹೊತ್ತಾಯಿತು. ರಸ್ತೆ ಪಕ್ಕ ಹಿಮಕುಸಿತ ಪ್ರದೇಶ ಎಂಬ ಫಲಕವಿರುವ ಕಡೆ ಗಾಡಿ ನಿಲ್ಲಿಸಲು ಚಾಲಕನನ್ನು ಕಾಡಬೇಡಿ. ನಿಲ್ಲಿಸದೆ ಹೋದವನಿಗೆ ಇಳಿಯುವಾಗ ಭಕ್ಷೀಸು ಹೆಚ್ಚು ಕೊಡಿ.

ಕೊನೆಯದಾಗಿ ನಮ್ಮ ಪ್ರವಾಸ ಏರ್ಪಡಿಸುವವರಿಗೆ ಒಂದು ಮಾತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಿಂದ ಬಸ್ಸುಗಟ್ಟಲೆ ಜನರನ್ನು ನೀವು ಕರೆದೊಯ್ಯುತ್ತೀರಿ. ಉಪ್ಪಿಟ್ಟು, ಅನ್ನ-ಸಾರು ಅಲ್ಲಿಯೂ ಸಿಗುವ ಹಾಗೆ ನಮ್ಮೂರಿನ ಅಡುಗೆಯವರನ್ನೇ ಒಯ್ಯುವಷ್ಟು ಕಾಳಜಿ ನಿಮಗಿದೆ. ಚಂಡೀಗಢದ ಹಿಮಕುಸಿತ ಎಚ್ಚರಿಕೆ ಆಯಾ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕ ಹೊರಬೀಳುತ್ತದೆ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅದನ್ನು ಕನ್ನಡದಲ್ಲಿ ಓದಿ ಹೇಳಲು ನಿಮ್ಮಲ್ಲಿ ಒಬ್ಬರನ್ನು ನೇಮಿಸಿ. ನಾಳೆ ಬೆಳಿಗ್ಗೆ ನಾಲ್ಕಕ್ಕೆ ಹೊರಡುವುದು, ಹನ್ನೊಂದಕ್ಕೆ ಇಳಿಯುವುದು ಅಂತ ಅವರೇ ಹೇಳಲಿ. ಇವತ್ತು ಹೋಗುವುದಿಲ್ಲ ಅಂತ ಹೇಳಬೇಕಾದ ದಿನವೂ ಅವರೇ ಹೇಳಲಿ, ಆ ದಿನದ ದುಡ್ಡಿನ ಲೆಕ್ಕವನ್ನು ಹೊರಡುವ ಮುಂಚೆ ಇಲ್ಲಿಯೇ, ಊರಿನಲ್ಲಿಯೇ, ಕಾಗದದ ಮೇಲೆ ಬರೆದು ಮುಗಿಸಿಕೊಳ್ಳಿ.